‘ಹೆದರಬೇಡ’ ಎನ್ನದ ನರ್ಸಮ್ಮ

ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಕೊಡಿಗೇನಹಳ್ಳಿಯಿಂದ ಮಧುಗಿರಿ ಸಂತೆಗೆ ಬಂದಿದ್ದ ಅವರ ತಮ್ಮನ ಮಗ ನಮ್ಮ ಶಾಲೆಯ ಬಾಗಿಲಲ್ಲಿ ನಿಂತು, "ನಮ್ಮತ್ತೆ ಹೋಗ್ಬುಟ್ರು ಕಣಮ್ಮ, ಹದಿನೈದು ದಿನ ಆಯ್ತು" ಎಂದು ಹೇಳಿ, ನಾನು ಏನಾದರೂ ಕೇಳಬಹುದೆಂದು ಸ್ವಲ್ಪ ಹೊತ್ತು ಕಾದ. ನಾನು ಒಳಗೆ ಹೋಗಿ ಮಕ್ಕಳಿಗೆ ಹೇಳಿಸುತ್ತಿದ್ದ ಮಗ್ಗಿಯನ್ನು ಮುಂದುವರಿಸಿದೆ. ಹದಿಮೂರರ ಮಗ್ಗಿಯಲ್ಲಿ ಎಲ್ಲೋ ತಪ್ಪಿದೆ, ಮಕ್ಕಳೇ ತಿದ್ದಿದರು.

ಊರಿಗೆಲ್ಲ ಅವರು ನರ್ಸಮ್ಮ. ಮಧುಗಿರಿಯ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಹೆರಿಗೆ ಮಾಡಿಸುವ ಕೆಲಸದಲ್ಲಿದ್ದರು. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಬೆಂಗಳೂರಿಗೆ ಹೋಗಿ ಕೆಲಸ ಕಲಿತು ಬಂದವರು. ನಾನೂ ಹೆಚ್ಚುಕಡಿಮೆ ಅದೇ ದಾರಿಯವಳು. ಹದಿನೇಳಕ್ಕೆ ಗಂಡ ಹೋದ. ಅಪ್ಪ ಹಟ ಹಿಡಿದು ಓದಿಸಿದ. ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಷ್ಟ್ರಮ್ಮನಾಗಿ ಮಧುಗಿರಿಗೆ ಬಂದೆ. ಕೋಟೆಯ ಬೆಟ್ಟದ ಬುಡದಲ್ಲಿ ಒಂದೇ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿದ್ದರು. ಒಂದು ಪಾಲಿನಲ್ಲಿ ಅವರು, ಇನ್ನೊಂದರಲ್ಲಿ ನಾನು ಮತ್ತು ನನ್ನ ಅವ್ವ. ಗೋಡೆ ಸೂರಿನವರೆಗೆ ಮುಟ್ಟಿರಲಿಲ್ಲವಾದ್ದರಿಂದ ಆ ಕಡೆ ಅವರು ನಶ್ಯ ಏರಿಸಿ ಸೀನಿದರೆ ಈ ಕಡೆ ಅವ್ವ ಬೈಯುತ್ತಿದ್ದಳು.

ಕುಳ್ಳಗಿನ ಹೆಂಗಸು. ಗಂಡಸರ ದೊಡ್ಡ ಕೊಡೆ ಹಿಡಿದು ನಡೆದರೆ ಕೊಡೆಯೇ ನಡೆದು ಬಂದಂತೆ ಕಾಣುತ್ತಿತ್ತು. ಶುಕ್ರವಾರ ಎನ್ನದೆ ಮಂಗಳವಾರ ಎನ್ನದೆ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಯಾವ ಹೆಂಗಸನ್ನು ಮುಟ್ಟುವ ಮೊದಲೂ ಎರಡು ಅಂಗೈಯನ್ನು ಉಜ್ಜಿ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ತಣ್ಣನೆಯ ಕೈ ಇಟ್ಟರೆ ಮೈ ಬಿಗಿಯುತ್ತದೆ, ಬಿಗಿದ ಮೈ ಏನನ್ನೂ ಹೇಳುವುದಿಲ್ಲ ಎನ್ನುವುದು ಅವರ ಲೆಕ್ಕ.

ಅವರಲ್ಲಿ ಒಂದು ವಿಚಿತ್ರವಿತ್ತು. ಹೆರಿಗೆಯ ಮನೆಯಲ್ಲಿ ಸೂಲಗಿತ್ತಿಯಿಂದ ಹಿಡಿದು ಪಕ್ಕದ ಮನೆಯವಳವರೆಗೆ ಎಲ್ಲರೂ ಹೇಳುವ ಮಾತು "ಹೆದರಬೇಡ". ಎಷ್ಟೋ ರಾತ್ರಿ ಲಾಟೀನು ಹಿಡಿದು ಜೊತೆಗೆ ಹೋಗಿದ್ದರೂ ಇವರ ಬಾಯಲ್ಲಿ ಆ ಮಾತನ್ನು ನಾನು ಒಂದು ದಿನವೂ ಕೇಳಲಿಲ್ಲ. ನೋವು ತಿನ್ನುತ್ತಿರುವ ಚೊಚ್ಚಿಲ ಬಸುರಿಗೂ, "ನಾನಿಲ್ಲೇ ಇವ್ನಿ" ಎನ್ನುತ್ತಿದ್ದರೇ ಹೊರತು ಹೆದರಬೇಡ ಎನ್ನುತ್ತಿರಲಿಲ್ಲ. "ಕಲ್ಲೆದೆ ಕಣಮ್ಮ ಅದು, ಒಂದು ಧೈರ್ಯದ ಮಾತಿಗೂ ಗತಿ ಇಲ್ಲ" ಎಂದು ಬೀದಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಆದರೂ ಕರೆಯುವುದು ಅವರನ್ನೇ.

ಹೆರಿಗೆಗೆಂದು ಹೋದವರು ಆ ಮನೆಯ ಉಳಿದ ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ಬಾಗಿಲ ಹಿಂದಕ್ಕೆ ಕರೆದು ಕೇಳುತ್ತಿದ್ದರು: ಎದೆಯಲ್ಲಿ, ಕಂಕುಳಲ್ಲಿ ಏನಾದರೂ ಗಂಟು ಕೈಗೆ ಸಿಗುತ್ತದೆಯೆ? ನಾಚಿಕೊಂಡರೆ ಬಿಡುತ್ತಿರಲಿಲ್ಲ. ರವಿಕೆ ಬಿಚ್ಚಿಸಿ, ನೆಲುವಿನ ಮೇಲಿನ ಗಡಿಗೆ ಇಳಿಸುವ ಹಾಗೆ ಎರಡೂ ಕೈ ಮೇಲಕ್ಕೆತ್ತು ಎನ್ನುತ್ತಿದ್ದರು. ಎತ್ತಿದಾಗ ಎಲ್ಲಾದರೂ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತದೆಯೋ, ಮೊಲೆತೊಟ್ಟು ಹೊಸದಾಗಿ ಒಳಸೇರಿದೆಯೋ ಎಂದು ನೋಡುತ್ತಿದ್ದರು. ಆಮೇಲೆ ಬೆರಳಿನ ತುದಿಯಿಂದಲ್ಲ, ಬೆರಳಿನ ಮೆತ್ತನೆಯ ಭಾಗದಿಂದ, ಅಕ್ಕಿಯಲ್ಲಿ ಕಲ್ಲು ಹುಡುಕುವಷ್ಟು ನಿಧಾನವಾಗಿ ತಡಕುತ್ತಿದ್ದರು.

ಒಮ್ಮೆ ನಮ್ಮ ಶಾಲೆಯ ಹಿಂದಿನ ಮನೆಯ ಬಾಣಂತಿಗೆ ಎದೆ ಕಲ್ಲಿನಂತಾಗಿ, ಕೆಂಪಗೆ ಕಾದು, ಜ್ವರ ಬಂದಿತ್ತು. ದೃಷ್ಟಿ ತಾಗಿದೆ ಎಂದು ಮಗುವಿಗೆ ಹಾಲು ಕೊಡುವುದನ್ನು ನಿಲ್ಲಿಸಿದ್ದರು. ಇವರು ಹೋಗಿ ಬಿಸಿನೀರಿನ ಬಟ್ಟೆ ಇಟ್ಟು, ಮಗುವನ್ನು ಅದೇ ಎದೆಗೆ ಹಚ್ಚಿಸಿದರು. ಎರಡು ದಿನಕ್ಕೂ ಜ್ವರ ಇಳಿಯದಿದ್ದಾಗ ಗಾಡಿ ಕಟ್ಟಿಸಿ ಡಾಕ್ಟರ ಹತ್ತಿರ ಕರೆದೊಯ್ದು ಕೀವು ತೆಗೆಸಿದರು. ಬರುವಾಗ ನನಗೆ ಹೇಳಿದರು, "ಇದು ನೋಯ್ತದೆ, ಕಾಯ್ತದೆ, ಕೂಗಿ ಕರೀತದೆ. ಕರೆದಿದ್ದಕ್ಕೇ ಅವ್ಳು ನನ್ನ ಕರೆಸಿದ್ಲು. ಸುಮ್ಕೆ ಕೂತಿರೋ ಗಂಟು ಇರ್ತದಲ್ಲ, ಅದು ಕಷ್ಟ ಕಣವ್ವ."

ಇನ್ನೊಮ್ಮೆ ನನ್ನ ಶಾಲೆಯ ಹುಡುಗಿಯೊಬ್ಬಳಿಗೆ ಜಾಲಿಮುಳ್ಳು ಚುಚ್ಚಿ ಬೆರಳು ಕೀವಾಗಿ, ಕಂಕುಳಲ್ಲಿ ಗಂಟು ಎದ್ದಿತು. ಮನೆಯವರು ಪ್ಲೇಗಿನ ಗಡ್ಡೆಯೆಂದು ನಡುಗಿಬಿಟ್ಟಿದ್ದರು. ಇವರು ಡಾಕ್ಟರಿಗೆ ತೋರಿಸಿ, ಬೆರಳಿನ ಗಾಯ ತೊಳೆದು ಕಟ್ಟಿದರು. ಗಾಯ ಮಾಗಿದ ಮೇಲೆ ಗಂಟು ಇಳಿಯುತ್ತದೆ ಎಂದರು. ಹಾಗೆ ಹೇಳಿ ಸುಮ್ಮನಾಗಲಿಲ್ಲ. ಎರಡು ವಾರ ಬಿಟ್ಟು ತಾವೇ ಶಾಲೆಗೆ ಬಂದು, ಹುಡುಗಿಯನ್ನು ಹೊರಗೆ ಕರೆದು, ಇಳಿದದ್ದನ್ನು ಕೈಯಿಂದ ನೋಡಿಕೊಂಡು ಹೋದರು. ವಯಸ್ಸಿಗೆ ಬಂದ ಹುಡುಗಿಯರ ಎದೆಯಲ್ಲಿ ನೆಲ್ಲಿಕಾಯಿಯಂತೆ ಬೆರಳಿನಡಿ ಜಾರಾಡುವ ಗಂಟು ಬಹಳ ಸಲ ಸಾಧುವಾದದ್ದೇ ಎಂದು ಅವರಿಗೆ ಗೊತ್ತಿತ್ತು. ಆದರೂ, "ನನ್ ಬೆರಳಿಗೆ ಕಣ್ಣಿಲ್ಲ. ಡಾಕ್ಟ್ರು ನೋಡ್ಲಿ" ಎಂದು ಕಳಿಸುತ್ತಿದ್ದರು.

ನೋಡುವುದು ಮುಗಿದ ಮೇಲೆ ಅವರು ಒಂದು ಗಳಿಗೆ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ ಯಾರೋ ನಿಂತಿದ್ದಾರೆ, ಅವರಿಗೆ ಉತ್ತರ ಹೇಳಬೇಕು ಎನ್ನುವ ಹಾಗೆ. ಮೊದಮೊದಲು ನಾನೂ ತಿರುಗಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಒಂದು ದಿನ ಅವ್ವ ನೇರವಾಗಿ ಕೇಳಿದಳು, "ಯಾರ್ನ ನೋಡ್ತೀಯ ಅಲ್ಲಿ?" ಇವರು ನಶ್ಯದ ಡಬ್ಬಿ ಮುಚ್ಚಿ, "ಬಂದೋರ್ನ" ಎಂದರು. ಅವ್ವ ಆಮೇಲೆ ಕೇಳಲಿಲ್ಲ. ಆ ದಿನದಿಂದ ನಶ್ಯಕ್ಕೆ ಬೈಯುವುದನ್ನೂ ಬಿಟ್ಟಳು.

ನನ್ನ ಅಕ್ಕನನ್ನು ವೈ.ಎನ್.ಹೊಸಕೋಟೆಗೆ ಕೊಟ್ಟಿತ್ತು. ಒಂದು ವರ್ಷ ಯುಗಾದಿಗೆ ತವರಿಗೆಂದು ಬಂದಳು. ಹಬ್ಬದ ಬೆಳಗ್ಗೆ ಬಚ್ಚಲಲ್ಲಿ ಅವಳ ಮೈಗೆ ಎಣ್ಣೆ ತಿಕ್ಕುತ್ತಿದ್ದೆ. ಬಲಗೈ ಎತ್ತಿಸಿ ಕಂಕುಳ ಕೆಳಗೆ ಕೈ ಆಡಿಸಿದಾಗ ಗಟ್ಟಿಯಾದದ್ದೇನೋ ತಗುಲಿತು. ಜಾರಲಿಲ್ಲ. ಒತ್ತಿದರೆ ಅವಳಿಗೆ ನೋಯಲೂ ಇಲ್ಲ.

"ಇದೇನಕ್ಕ?"

"ದಸರಾದಿಂದ ಐತೆ. ಕಳ್ಳೇಕಾಯಿ ಮೂಟೆ ಎತ್ತಿ ನರ ಗಂಟಾಗೈತೆ ಅಂತ ನಮ್ಮತ್ತೆ ಬರೆ ಎಳೆಸಿದ್ರು. ನೋವೇನಿಲ್ಲ ಬುಡು."

ಅವಳ ಪಕ್ಕೆಯ ಮೇಲೆ ಸುಟ್ಟ ಗೆರೆಗಳು ಎರಡಿದ್ದವು. ನಾನು ಎಣ್ಣೆಗೈಯಲ್ಲೇ ಪಕ್ಕದ ಮನೆಗೆ ಹೋದೆ.

ನರ್ಸಮ್ಮ ಹೋಳಿಗೆಗೆ ಹೂರಣ ರುಬ್ಬುತ್ತಿದ್ದರು. ಕೈ ತೊಳೆದು ಬಂದರು, ಅಂಗೈ ಉಜ್ಜಿಕೊಂಡರು. ಕಂಕುಳು ನೋಡಿದರು. ಆಮೇಲೆ ಎದೆ. ಬಲ ಎದೆಯ ಹೊರ ಅಂಚಿನಲ್ಲಿ, ಅಕ್ಕ ಕೈಯೆತ್ತಿದಾಗ, ಚರ್ಮದ ಮೇಲೆ ಸಣ್ಣ ಗುಳಿ ಬಿತ್ತು. ನಾನು ಅಷ್ಟು ವರ್ಷ ಜೊತೆಗೆ ಸ್ನಾನ ಮಾಡಿ ಬೆಳೆದ ಮೈ ಅದು. ಆ ಗುಳಿಯನ್ನು ಅವರು ಬೆರಳು ಮಾಡಿ ತೋರಿಸುವವರೆಗೆ ನನಗೆ ಕಾಣಲಿಲ್ಲ.

ಅಕ್ಕ ಕೇಳಿದಳು, "ಹೆದರ್ಕಳ್ಳೋ ಅಂಥದ್ದೇನಿಲ್ಲ ಅಲ್ವಾ ನರ್ಸಮ್ಮ?"

ಅವರು ಬಾಗಿಲ ಕಡೆ ನೋಡಿದರು. ಬಚ್ಚಲ ಬಾಗಿಲಾಚೆ ಬರಿ ಬಿಸಿಲಿತ್ತು. "ಬೆಂಗ್ಳೂರಿಗೆ ಹೋಗ್ಬೇಕು ಕಣವ್ವ. ದೊಡ್ಡಾಸ್ಪತ್ರೇಲಿ ತೋರಿಸ್ಬೇಕು. ಏನು ಅನ್ನೋದು ನಂಗೆ ಗೊತ್ತಿಲ್ಲ. ಗೊತ್ತಿಲ್ದಿರೋದ್ಕೇ ಬ್ಯಾಗ ಹೋಗ್ಬೇಕು" ಎಂದರು. ಅಕ್ಕನ ಮುಖ ಇಳಿದುಹೋಯಿತು. ನನಗೆ ಸಿಟ್ಟು ಬಂತು. ಹಬ್ಬದ ದಿನ ಒಂದು ಸಮಾಧಾನದ ಮಾತು ಆಡಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದುಕೊಂಡೆ.

ಭಾವನಿಗೆ ಕಾಗದ ಬರೆದೆವು. ನಾಲ್ಕನೇ ದಿನ ಬಂದ. ಒಳ್ಳೆಯ ಮನುಷ್ಯ, ಪಾವಗಡದ ಕಡೆಯವರಂತೆ ಅವನ ಮಾತಿನಲ್ಲಿ ಅರ್ಧ ತೆಲುಗು. ಜಗಲಿಯಲ್ಲಿ ಕೂತು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, "ನೊಪ್ಪಿ ಲೇದು ಕದಮ್ಮಾ. ನೋವೇ ಇಲ್ದಿದ್ಮೇಲೆ ಆಸ್ಪತ್ರೆ ಯಾಕೆ? ಅಲ್ಲಿ ಕೋಯ್ತಾರಂತೆ. ಹೆಂಗಸಿನ ಎದೆ ಕೋಯ್ಸಿ ನಾನು ಊರಿಗೆ ಹೆಂಗೆ ಕರ್ಕೊಂಡು ಹೋಗ್ಲಿ?" ಎಂದ. ಅವ್ವ ಬಾಗಿಲ ಮರೆಯಲ್ಲಿ ಅಳುತ್ತಿದ್ದಳು. ನನಗೂ ಒಳಗೊಳಗೆ ಅವನು ಹೇಳುವುದೇ ಸರಿಯಿರಬಹುದು ಎನ್ನಿಸುತ್ತಿತ್ತು.

ನರ್ಸಮ್ಮ ಅವನ ಎದುರಿಗೆ ನೆಲದ ಮೇಲೆ ಕೂತರು. ಅವನಿಗೆ ಬುದ್ಧಿ ಹೇಳಲಿಲ್ಲ. ತಮ್ಮದೊಂದು ಸಂಗತಿ ಹೇಳುತ್ತೇನೆ, ಕೇಳಿ ಆಮೇಲೆ ನಿಮಗೆ ತೋಚಿದಂತೆ ಮಾಡಿ ಎಂದರು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿರಾ ಕಡೆ ಪ್ಲೇಗು ಬಂದಿತ್ತಂತೆ. ಊರಿನವರು ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಪ್ಲೇಗು ಇನ್‌ಸ್ಪೆಕ್ಟರು ಊರೂರಿಗೆ ಹೋಗಿ, ಕಂಕುಳಲ್ಲಿ ತೊಡೆಸಂದಿಯಲ್ಲಿ ಗಡ್ಡೆ ಎದ್ದವರನ್ನು ಬೇರೆ ಕಡೆಗೆ ಸಾಗಿಸುತ್ತಿದ್ದರು. ಅಂಥವರ ಮನೆಯ ಹೆಂಚು ತೆಗೆಸಿ ಒಳಗೆ ಬಿಸಿಲು ಬಿಡಿಸುತ್ತಿದ್ದರು. ಹೆಂಗಸರ ಮೈ ಮುಟ್ಟಿ ನೋಡಲು ಹೆಂಗಸು ಬೇಕಲ್ಲ. ಅದಕ್ಕೆ ಇವರನ್ನು ಜೊತೆಗೆ ಕರೆದೊಯ್ದಿದ್ದರು.

"ಕಳ್ಳಂಬೆಳ್ಳದ ತಾವ ಒಂದು ಹಳ್ಳಿ. ಒಬ್ಳು ಎಡಗೈ ಮೈಗೆ ಅಂಟಿಸ್ಕಂಡು ಗುಡ್ಲೊಳಗೆ ನಿಂತಿದ್ಲು. ಮೂವತ್ತು ಇರ್ಬೋದು. ಕೈ ಎತ್ತಿಸ್ದೆ. ಕಂಕುಳಲ್ಲಿ ಗಂಟು. ನನ್ ಕಾಲು ಹಿಡ್ಕಂಡ್ಳು. 'ಜ್ವರ ಇಲ್ಲ ಕಣಕ್ಕ, ನೋವಿಲ್ಲ, ನಾಕು ತಿಂಗ್ಳಿಂದ ಐತೆ. ನೀನು ಬಾಯಿಬುಟ್ರೆ ನನ್ನ ಎತ್ಕಂಡು ಹೋಗ್ತಾರೆ, ಮನೆ ಹೆಂಚು ಕೀಳಿಸ್ತಾರೆ, ನನ್ ಮಕ್ಳುನ್ನ ಯಾರ್ ನೋಡ್ತಾರೆ' ಅಂದ್ಲು. ನಾನು ಮುಟ್ಟಿ ನೋಡ್ದೆ. ಪ್ಲೇಗಿನ ಗಡ್ಡೆ ಮುಟ್ಟಿದ್ರೆ ಪ್ರಾಣ ಹೋದಂಗೆ ಕೂಗ್ತಾರೆ. ಇವ್ಳು ಕೂಗ್ಲಿಲ್ಲ. ಇದು ಪ್ಲೇಗಲ್ಲ ಅಂತ ನಂಗೆ ಗೊತ್ತಾಯ್ತು. ಗೊತ್ತಾಗಿದ್ದಕ್ಕೆ ಎಷ್ಟು ಜಂಬ ಬಂತು ಅಂದ್ರೆ, ಹಂಗಾರೆ ಮತ್ತೇನು ಅಂತ ಕೇಳ್ಕಳ್ಳೇ ಇಲ್ಲ. ನಾಕು ಬೆರಳು ಈಚೆಗೆ ಸರಿದಿದ್ರೆ ಎದೆ ಇತ್ತು. ನೋಡ್ಲಿಲ್ಲ. 'ಹೆದರಬ್ಯಾಡ ಕಣವ್ವ, ಇದು ಅದಲ್ಲ' ಅಂದೆ. ಹೊರಗೆ ಬಂದು, ಈ ಗುಡ್ಲಲ್ಲಿ ಯಾರ್ಗೂ ಏನೂ ಇಲ್ಲ ಅಂತ ಇನ್‌ಸ್ಪೆಕ್ಟ್ರಿಗೆ ಹೇಳ್ದೆ. ಅವ್ಳು ಸೆರಗಲ್ಲಿ ಅವರೆಕಾಳು ಕಟ್ಟಿ ಕೊಟ್ಟು ಕಳಿಸಿದ್ಲು. ತಿಂದೆ ನಾನು ಅದ್ನ."

ಭಾವ ಟವೆಲು ಕೆಳಗಿಟ್ಟಿದ್ದ.

ಒಂದೂವರೆ ವರ್ಷದ ಮೇಲೆ ಇವರು ಅದೇ ಹಳ್ಳಿಗೆ ಹೆರಿಗೆಗೆ ಹೋದರಂತೆ. ಹಿತ್ತಲ ಕೋಣೆಯಲ್ಲಿ ಒಬ್ಬಳು ಮಲಗಿದ್ದಾಳೆ, ವಾಸನೆಗೆ ಯಾರೂ ಹತ್ತಿರ ಹೋಗುತ್ತಿಲ್ಲ ಎಂದು ಯಾರೋ ಹೇಳಿದರು. ಹೋಗಿ ನೋಡಿದರೆ ಅವಳು. ಎಡ ಎದೆ ಒಡೆದು ಹುಣ್ಣಾಗಿತ್ತು. ಕೈ ಕಂಬದಷ್ಟು ದಪ್ಪ ಊದಿತ್ತು. ಕ್ಯಾನ್ಸರ್ ಎನ್ನುವ ಹೆಸರು ಆ ಕಾಲಕ್ಕೆ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ.

"ನನ್ನ ನೋಡಿ ನಕ್ಕಳು. 'ನೀನು ಹೆದರಬ್ಯಾಡ ಅಂದಿದ್ಯಲ್ಲಕ್ಕ, ಅದ್ಕೇ ಯಾರ್ಗೂ ತೋರಿಸ್ಲಿಲ್ಲ' ಅಂದ್ಲು. ಬೈದಿದ್ರೆ ನಾನು ಬದುಕ್ಕಳ್ತಿದ್ದೆ. ಬೈಲಿಲ್ಲ. ನಿನ್ ಮಾತು ಉಳಿಸ್ಕಂಡಿವ್ನಿ ಅನ್ನೋ ಹಂಗೆ ಅಂದ್ಲು."

ರಜ ಹಾಕಿ ಅಲ್ಲೇ ಉಳಿದರು. ಹುಣ್ಣು ತೊಳೆದು, ಬಟ್ಟೆ ಬದಲಿಸಿ, ಗಂಜಿ ಕುಡಿಸಿದರು. ಇಪ್ಪತ್ತೆರಡನೇ ದಿನ ಅವಳು ಹೋದಳು. ಬಾಗಿಲಲ್ಲಿ ಅವಳ ಎಂಟು ವರ್ಷದ ಮಗಳು ನಿಂತು ನೋಡುತ್ತಿದ್ದಳು.

ಇಷ್ಟು ಹೇಳಿ ನರ್ಸಮ್ಮ ಎದ್ದು ತಮ್ಮ ಪಾಲಿನ ಮನೆಗೆ ಹೋಗಿಬಿಟ್ಟರು. ಭಾವ ಟವೆಲು ಹೆಗಲಿಗೆ ಹಾಕಿಕೊಂಡು ಜಗಲಿಯಿಂದ ಇಳಿದ. ಆಮೇಲೆ ನನ್ನನ್ನು ಕೇಳಿದ, "ಬೆಂಗ್ಳೂರ್ ಬಸ್ಸು ಎಷ್ಟೊತ್ತಿಗೆ?"

ಅದು ಕ್ಯಾನ್ಸರೇ ಎಂದು ಬೆಂಗಳೂರಿನಲ್ಲಿ ಗೊತ್ತಾಗಿ, ಅಕ್ಕನ ಬಲ ಎದೆಯನ್ನೂ ಕಂಕುಳ ಗಂಟುಗಳನ್ನೂ ತೆಗೆದರು. ಒಂದು ತಿಂಗಳು ನಾನೂ ನರ್ಸಮ್ಮನೂ ಸರದಿಯ ಮೇಲೆ ಆಸ್ಪತ್ರೆಯಲ್ಲಿದ್ದೆವು. ಇನ್ನು ಸ್ವಲ್ಪ ತಡವಾಗಿದ್ದರೆ ತಾವು ಚಾಕು ಹಿಡಿಯುತ್ತಲೇ ಇರಲಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಅಕ್ಕ ಉಳಿದಳು. ಇವತ್ತಿಗೂ ಹೊಸಕೋಟೆಯಲ್ಲಿದ್ದಾಳೆ, ಮೊಮ್ಮಕ್ಕಳನ್ನು ಕಂಡಿದ್ದಾಳೆ. ಆದರೆ ಅವಳು ಎರಡು ವರ್ಷ ನರ್ಸಮ್ಮನ ಜೊತೆ ಮಾತಾಡಲಿಲ್ಲ. ಅವಳ ಕೈ ಊದಿಕೊಂಡು ಬಿಂದಿಗೆ ಎತ್ತಲಾಗುತ್ತಿರಲಿಲ್ಲ. ರವಿಕೆಯೊಳಗೆ ಹಳೇ ಪಂಚೆಯ ಉಂಡೆ ಇಟ್ಟುಕೊಂಡು ಮದುವೆಮನೆಗಳಿಗೆ ಹೋಗುತ್ತಿದ್ದಳು. ಹೆಂಗಸರು ಅಲ್ಲಿಯೇ ಕಣ್ಣು ಇಡುತ್ತಿದ್ದರು. "ಉಳಿಸಿದ್ರು, ಸರಿ. ಕನ್ನಡಿ ಮುಂದೆ ನಿಲ್ಲೋಳು ನಾನು" ಎಂದು ನನಗೆ ಒಮ್ಮೆ ಹೇಳಿದಳು. ಇದನ್ನು ನರ್ಸಮ್ಮನಿಗೆ ತಿಳಿಸಿದಾಗ ಅವರು ಬೇಸರ ಮಾಡಿಕೊಳ್ಳಲಿಲ್ಲ. "ಬೈಲಿ. ಬೈಯೋಕೆ ಅವ್ಳು ಇದ್ದಾಳಲ್ಲ" ಎಂದರು.

ಕಳ್ಳಂಬೆಳ್ಳದ ಆ ಸಂಗತಿಯನ್ನು ಅವರು ಅದಕ್ಕೆ ಮೊದಲು ಯಾರಿಗೂ ಹೇಳಿರಲಿಲ್ಲವಂತೆ. ಹೇಳಿದ ಮೇಲೆ ಮನಸ್ಸು ಹಗುರಾಯಿತೇ ಎಂದು ಕೇಳಿದೆ. ಹಿತ್ತಲಲ್ಲಿ ಸೊಪ್ಪು ಸೋಸುತ್ತಿದ್ದರು. "ಹೇಳ್ಕಂಡ್ರೆ ಹೋಗ್ತಾಳೆ ಅಂದ್ಕಂಡಿದ್ದೆ. ಹೋಗ್ಲಿಲ್ಲ" ಎಂದರು. ಸೊಪ್ಪಿನ ದಂಟು ಮುರಿಯುವುದನ್ನು ನಿಲ್ಲಿಸಲಿಲ್ಲ.

ತಾಯಿಗೋ ಒಡಹುಟ್ಟಿದವಳಿಗೋ ಇದು ಬಂದಿದ್ದರೆ ಉಳಿದ ಹೆಣ್ಣುಮಕ್ಕಳು ಹೆಚ್ಚು ಎಚ್ಚರವಾಗಿರಬೇಕು ಎಂದು ಬೆಂಗಳೂರಿನ ಡಾಕ್ಟರು ನಮಗೆ ಹೇಳಿ ಕಳಿಸಿದ್ದರು. ಅದಕ್ಕೆ ನರ್ಸಮ್ಮ ನನ್ನನ್ನು ಆರು ತಿಂಗಳಿಗೊಮ್ಮೆ ಬಿಡದೆ ನೋಡುತ್ತಿದ್ದರು. ಮುಟ್ಟು ಮುಗಿದ ಮೇಲೆ ನಾನೇ ತಡಕಿ ನೋಡಿಕೊಳ್ಳುವುದನ್ನೂ ಕಲಿಸಿದರು. ಮುಟ್ಟಿನ ಮುಂಚೆ ಎದೆ ಗಂಟುಗಂಟಾಗುವುದುಂಟು, ಮುಗಿದ ಮೇಲೂ ಒಂದು ಗಂಟು ಅಲ್ಲೇ ಇದ್ದರೆ, ತೊಟ್ಟಿನಿಂದ ರಕ್ತ ಕಂಡರೆ, ನೋವಿರಲಿ ಇಲ್ಲದಿರಲಿ ತೋರಿಸಬೇಕು ಎನ್ನುತ್ತಿದ್ದರು. ಆ ಡಾಕ್ಟರ ಮಾತು ಅವರ ತಲೆಯಲ್ಲಿ ಇನ್ನೊಂದು ಕೆಲಸ ಮಾಡುತ್ತಿದ್ದುದು ನನಗೆ ತಿಳಿದಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವರಿಗೆ ನಿವೃತ್ತಿಯಾಯಿತು. ತಮ್ಮನ ಊರಿಗೆ ಹೋಗಲು ಸಾಮಾನು ಕಟ್ಟುವ ಮೊದಲು ಬಂದು, "ಮೇಷ್ಟ್ರಮ್ಮ, ಒಂದಿನ ನನ್ ಜೊತೆ ಬರ್ತೀಯಾ? ಆ ಹುಡ್ಗೀಗೆ ಈಗ ಅವ್ರವ್ವನ ವಯಸ್ಸು" ಎಂದರು. ಯಾವ ಹುಡುಗಿ ಎಂದು ನಾನು ಕೇಳಬೇಕಾಗಲಿಲ್ಲ.

ಪೆಟ್ರೋಲು ಸಿಗದೆ ಇದ್ದಿಲಿನ ಅನಿಲದಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಶಿರಾಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕಳ್ಳಂಬೆಳ್ಳಕ್ಕೆ ಹೋಗಿ, ಕೆರೆಯ ಏರಿಯ ಮೇಲೆ ಆ ಹಳ್ಳಿಗೆ ನಡೆದೆವು. ಮಗಳನ್ನು ಅದೇ ಊರಿನಲ್ಲಿ ಸೋದರಮಾವನಿಗೇ ಕೊಟ್ಟಿದ್ದರು. ಮನೆ ಸುಲಭವಾಗಿ ಸಿಕ್ಕಿತು. ಹುರುಳಿ ಕೇರುತ್ತಿದ್ದ ಹೆಂಗಸು ಮೊರ ಕೆಳಗಿಟ್ಟು ಎದ್ದು ನಿಂತಳು. ಇವರನ್ನು ಒಂದೇ ನೋಟಕ್ಕೆ ಗುರುತು ಹಿಡಿದಳು.

"ನಮ್ಮವ್ವನ್ ತಾವ ಕೂತಿರ್ತಿದ್ರಲ್ಲ, ನೀವೇ ಅಲ್ವಾ?"

"ನಾನೇ ಕಣವ್ವ. ಅದಕ್ಕಿಂತ ಮುಂಚೆ ಒಂದ್ಸಲ ಬಂದಿದ್ದೆ. ಅದ್ನ ಹೇಳೋಕೇ ಬಂದೆ" ಎಂದು ನರ್ಸಮ್ಮ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಅವರೆಕಾಳನ್ನೂ ಬಿಡಲಿಲ್ಲ. ಆ ಹೆಂಗಸು ಕೇಳುತ್ತ ಕೇಳುತ್ತ ಗೋಡೆಗೆ ಒರಗಿದಳು. ಅಳಲಿಲ್ಲ. ಕೊನೆಗೆ ಒಂದೇ ಕೇಳಿದಳು.

"ಅವತ್ತು ನೀವು ನೋಡಿದ್ರೆ ನಮ್ಮವ್ವ ಉಳೀತಿದ್ಲಾ?"

 ಇಲ್ಲ ಕಣವ್ವ, ಆಗಲೇ ಮೀರಿಹೋಗಿತ್ತು ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು; ಇಬ್ಬರಿಗೂ ಸಮಾಧಾನವಾಗುತ್ತಿತ್ತು. ನಾನಾಗಿದ್ದರೆ ಆಡಿಬಿಡುತ್ತಿದ್ದೆ.

"ಗೊತ್ತಿಲ್ಲ" ಎಂದರು ನರ್ಸಮ್ಮ. "ಉಳೀತಿದ್ಲೋ ಏನೋ. ನಾನು ನೋಡ್ಲಿಲ್ಲ, ಅದ್ಕೆ ಯಾವತ್ತೂ ಗೊತ್ತಾಗಲ್ಲ. ಈಗ ನಿನ್ನ ನೋಡ್ಬೇಕು ಅಂತ ಬಂದಿವ್ನಿ. ಬ್ಯಾಡ ಅಂದ್ರೆ ಹೋಗ್ತೀನಿ."

ಆ ಹೆಂಗಸು ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು. ನಾವು ಜಗಲಿಯಲ್ಲಿ ಕೂತೆವು. ಮೊರದಲ್ಲಿದ್ದ ಹುರುಳಿಗೆ ಕೋಳಿ ಬಂತು; ನಾನು ಓಡಿಸಿದೆ. ಬಿಸಿಲು ಜಗಲಿಯ ಅಂಚಿಗೆ ಬರುವವರೆಗೂ ಅವಳು ಬರಲಿಲ್ಲ. "ನಡೀರಿ, ಬಸ್ಸು ತಪ್ಪುತ್ತೆ" ಎಂದೆ. ನರ್ಸಮ್ಮ ಅಲ್ಲಾಡಲಿಲ್ಲ. 

ಆಮೇಲೆ ಓಣಿಯಲ್ಲಿ ಬಳೆಯ ಸದ್ದಾಯಿತು. ಅವಳು ಬಂದಳು. ಅವಳ ಹಿಂದೆ ಅವಳ ನಾದಿನಿ, ಪಕ್ಕದ ಮನೆಯ ಇಬ್ಬರು, ಕೋಲೂರಿಕೊಂಡ ಒಬ್ಬ ಮುದುಕಿ, ಹೊಸದಾಗಿ ಮದುವೆಯಾದವಳೊಬ್ಬಳು, ಎಲ್ಲ ಸೇರಿ ಏಳೆಂಟು ಹೆಂಗಸರು ಸೆರಗು ಬಿಗಿಹಿಡಿದು ನಿಂತರು.

"ಮೊದ್ಲು ನನ್ನ ನೋಡಿ" ಎಂದಳು. "ಆಮೇಲೆ ಇವರ್ನ. ಈ ಪಕ್ಕದ್ಮನೆ ಚಿಕ್ಕವ್ವನಿಗೆ ಒಂದು ಗಂಟೈತಂತೆ, ಗಂಡಂಗೂ ಹೇಳಿಲ್ವಂತೆ."

ನರ್ಸಮ್ಮ ಎದ್ದು ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಅಂಗೈ ಉಜ್ಜತೊಡಗಿದರು. ಬಹಳ ಹೊತ್ತು ಉಜ್ಜಿದರು. ಹೊರಗೆ ಯಾರೋ ಗಂಡಸರು ಏನು ಗಲಾಟೆ ಎಂದು ಕೇಳುತ್ತ ಬಂದರು. ಕೋಲಿನ ಮುದುಕಿ, "ಹೆಂಗಸ್ರ ಕೆಲ್ಸ, ಅತ್ಲಾಗೆ ಹೋಗ್ರಪ್ಪ" ಎಂದು ಅವರನ್ನು ಅಟ್ಟಿದಳು. ನಾನು ಒಂದು ಕಂಬಳಿಯನ್ನು ಬಾಗಿಲಿಗೆ ಅಡ್ಡ ಹಿಡಿದುಕೊಂಡೆ. ಹೊತ್ತು ಮುಳುಗುವವರೆಗೆ ಆ ಹೆಂಗಸರು ಒಬ್ಬೊಬ್ಬರೇ ಅದರಡಿ ಬಗ್ಗಿ ಒಳಗೆ ಹೋದರು.